ಐಸಿಯು ರಿಪೋರ್ಟ್‌ನಲ್ಲಿ ಬರೋ ‘ಔಟ್‌ಕಮ್’ ಅಂದ್ರೆ ಏನು?

2020ರ ಏಪ್ರಿಲ್ ಕೊನೇಲಿ ಒಂದು ನಂಬರ್ ವಾಟ್ಸಾಪಲ್ಲಿ ಓಡಾಡ್ತಿತ್ತು, ನೆನಪಿದ್ಯಾ? ವೆಂಟಿಲೇಟರ್ ಹಾಕಿದ ಕೋವಿಡ್ ಪೇಷೆಂಟ್‌ಗಳಲ್ಲಿ 100ಕ್ಕೆ 88 ಜನ ಉಳಿಯಲ್ಲ ಅಂತ. ನಮ್ಮ ಫ್ಯಾಮಿಲಿ ಗ್ರೂಪಿಗೂ ಬಂತು, ಬಂದಿದ್ದೇ ತಡ ಚಿಕ್ಕಪ್ಪ "ಹಂಗಾದ್ರೆ ಆಸ್ಪತ್ರೆಗೆ ಯಾಕ್ ಹೋಗ್ಬೇಕು, ಏನಾಗುತ್ತೋ ಮನೇಲೇ ಆಗ್ಲಿ" ಅಂತ ಶುರು ಹಚ್ಕೊಂಡ್ರು. ಆ ನಂಬರ್ ಯಾರೋ ಕೂತು ಕಟ್ಟಿದ್ದಲ್ಲ, ಆದ್ರೆ ಅದು ‘ಔಟ್‌ಕಮ್ ಗೊತ್ತಾದವರಲ್ಲಿ’ 88 ಪರ್ಸೆಂಟ್. ಫಾರ್ವರ್ಡ್ ಆಗ್ತಾ ಆಗ್ತಾ ಆ ಎರಡು ಪದ ಉದುರಿಹೋಗಿತ್ತು.

ಔಟ್‌ಕಮ್ ಅಂದ್ರೆ ಕೊನೆಗೆ ಏನಾಯ್ತು ಅನ್ನೋದು, ಅಷ್ಟೇ. ಐಸಿಯು ಲೆಕ್ಕದಲ್ಲಿ ಸಾಮಾನ್ಯವಾಗಿ ಎರಡೇ: ತೀರಿಕೊಂಡ್ರು, ಇಲ್ಲಾ ಡಿಸ್ಚಾರ್ಜ್ ಆದ್ರು. ತಲೆನೋವು ಇರೋದು ಇನ್ನೂ ಬೆಡ್ ಮೇಲೇ ಇರೋರದ್ದು. ನಮ್ಮ ರಾಜ್ಯದ ಡೈಲಿ ಬುಲೆಟಿನ್‌ನಲ್ಲಿ ಗುಣಮುಖ, ಸಾವು, ಸಕ್ರಿಯ ಅಂತ ಬರ್ತಿತ್ತಲ್ಲ, ಐಸಿಯುನಲ್ಲಿ ಎಷ್ಟು ಜನ ಅಂತಾನೂ ಕೊಡ್ತಿದ್ರು, ಅವರೇ ಇವರು. ಇವರನ್ನ ಯಾವ ಕಡೆ ಸೇರಿಸ್ತೀರಾ?

ಈಗ ಆ 88ರ ಮೂಲಕ್ಕೆ ಬನ್ನಿ. ನ್ಯೂಯಾರ್ಕ್ ಕಡೆಯ ನಾರ್ತ್‌ವೆಲ್ ಅನ್ನೋ ಆಸ್ಪತ್ರೆಗಳ ಗುಂಪಿನ 5700 ಪೇಷೆಂಟ್‌ಗಳ ಲೆಕ್ಕ, ಜಾಮಾ ಅನ್ನೋ ವೈದ್ಯಕೀಯ ಜರ್ನಲ್‌ನಲ್ಲಿ ಬಂದಿದ್ದು. ಅದರಲ್ಲಿ ವೆಂಟಿಲೇಟರ್ ಹಾಕಿದ್ದು 1151 ಜನಕ್ಕೆ. ಏಪ್ರಿಲ್ 4ಕ್ಕೆ 282 ಜನ ತೀರಿಕೊಂಡಿದ್ರು, 38 ಜನ ಮನೆಗೆ ಹೋಗಿದ್ರು, ಉಳಿದ 831 ಜನ ಆಸ್ಪತ್ರೆಯಲ್ಲೇ ಇದ್ರು. 282 ಮತ್ತು 38 ಕೂಡಿಸಿದ್ರೆ 320, ಅದರಲ್ಲಿ 282 ಅಂದ್ರೆ 88 ಪರ್ಸೆಂಟ್. ಅದೇ 1151ಕ್ಕೆ ಭಾಗಿಸಿದ್ರೆ 24.5! ಎರಡೇ ದಿನಕ್ಕೆ ಜರ್ನಲ್‌ನೋರು ಲೇಖನ ತಿದ್ದಿ ಮೂರೂ ಗುಂಪನ್ನ ಬಿಡಿಸಿ ಬರೆದ್ರು, ಅಷ್ಟೊತ್ತಿಗೆ 88 ಊರೆಲ್ಲಾ ಸುತ್ತಿ ಬಂದಿತ್ತು.

ಹಂಗಂತ 24.5 ಸರಿ ಅನ್ಕೋಬೇಡಿ, ಬೆಡ್ ಮೇಲಿದ್ದ ಆ 831 ಜನರೂ ಬದುಕ್ತಾರೆ ಅಂತ ಹಿಡಿದಂಗೆ ಅದು, ಅದೂ ಅರ್ಧ ಲೆಕ್ಕವೇ. ಎಲೆಕ್ಷನ್ ಕೌಂಟಿಂಗ್‌ನಲ್ಲಿ ಮೊದಲ ಎರಡು ರೌಂಡ್ ನೋಡಿ ಪಟಾಕಿ ಹಚ್ತಾರಲ್ಲ ಆ ತರ, ಯಾವ ಕಡೆಯ ಪೆಟ್ಟಿಗೆ ಮೊದಲು ತೆಗೆದ್ರು ಅನ್ನೋದರ ಮೇಲೆ ಲೀಡ್ ಬದಲಾಗುತ್ತೆ. ಐಸಿಯುನಲ್ಲಿ ತುಂಬಾ ಸೀರಿಯಸ್ ಇದ್ದೋರಲ್ಲಿ ಎಷ್ಟೋ ಜನ ಬೇಗ ಹೋಗ್ಬಿಡ್ತಾರೆ, ಬದುಕೋರಿಗೆ ವೆಂಟಿಲೇಟರ್ ಬಿಡಿಸೋಕೇ ವಾರಗಟ್ಟಲೆ ಬೇಕು, ಆಮೇಲೆ ವಾರ್ಡು, ಆಮೇಲೆ ಮನೆ. ಹಂಗಾಗಿ ಮೊದಮೊದಲು ‘ಮುಗಿದ’ ಕೇಸುಗಳಲ್ಲಿ ಸಾವೇ ಜಾಸ್ತಿ ಕಾಣುತ್ತೆ.

ಉಲ್ಟಾ ಮೋಸವೂ ಆಗುತ್ತೆ. ಇಟಲಿಯ ಲೊಂಬಾರ್ಡಿಯಲ್ಲಿ ಐಸಿಯು ಸೇರಿದ 1581 ಜನರ ಲೆಕ್ಕ ಮಾರ್ಚ್ 25ಕ್ಕೆ ನಿಲ್ಲಿಸಿದಾಗ ಸಾವು 26 ಪರ್ಸೆಂಟ್, ಆದ್ರೆ 58 ಪರ್ಸೆಂಟ್ ಇನ್ನೂ ಐಸಿಯುನಲ್ಲೇ ಇದ್ರು. ಅಲ್ಲಿನೋರೇ ಮುಂದೆ ಮೊದಲ 1715 ಪೇಷೆಂಟ್‌ಗಳನ್ನ ಪೂರ್ತಿ ಫಾಲೋ ಮಾಡಿದಾಗ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದು 915 ಜನ, ಅಂದ್ರೆ 53 ಪರ್ಸೆಂಟ್. 26 ಓದಿ ಸಮಾಧಾನ ಪಟ್ಕೊಂಡೋರಿಗೆ ಇದು ಹೆಂಗಿರ್ಬೇಡ.

ಈ ಗೋಜಲೇ ಬೇಡ ಅಂತ ಟ್ರಯಲ್, ಅಂದ್ರೆ ಔಷಧಿ ಪರೀಕ್ಷೆ, ಮಾಡೋರು ಮೊದಲೇ ಒಂದು ಗಡಿ ಹಾಕ್ಕೋತಾರೆ, ಪೇಷೆಂಟ್ ಟ್ರಯಲ್‌ಗೆ ಸೇರಿದ 28ನೇ ದಿನಕ್ಕೆ ಜೀವ ಇದ್ಯಾ ಇಲ್ವಾ ಅಂತ. ಬ್ರಿಟನ್‌ನ ರಿಕವರಿ ಟ್ರಯಲ್‌ನಲ್ಲಿ ಡೆಕ್ಸಾಮೆಥಾಸೋನ್ ಅನ್ನೋ ಅಗ್ಗದ ಸ್ಟೆರಾಯ್ಡ್ ಪರೀಕ್ಷೆ ಮಾಡಿದ್ದು ಹೀಗೇ: ವೆಂಟಿಲೇಟರ್ ಮೇಲಿದ್ದೋರಲ್ಲಿ ಔಷಧಿ ಕೊಟ್ಟ ಗುಂಪಲ್ಲಿ 29.3 ಪರ್ಸೆಂಟ್ ಸಾವು, ಕೊಡದ ಗುಂಪಲ್ಲಿ 41.4. ಇಬ್ಬರಿಗೂ ಒಂದೇ ಅಳತೆಗೋಲು, ಅದಕ್ಕೇ ಹೋಲಿಸೋಕೆ ಆಯ್ತು. ಆದ್ರೆ ಇದರಲ್ಲೂ 28ನೇ ದಿನ ವೆಂಟಿಲೇಟರ್ ಮೇಲೆ ಮಲಗಿರೋರು, ಮನೇಲಿ ಕೂತು ಕಾಫಿ ಕುಡೀತಿರೋರು, ಇಬ್ಬರೂ ‘ಬದುಕಿದ್ದಾರೆ’ ಅನ್ನೋ ಒಂದೇ ಕಾಲಂಗೆ ಬರ್ತಾರೆ.

ಡಿಸ್ಚಾರ್ಜ್ ಅನ್ನೋ ಔಟ್‌ಕಮ್ ಕೂಡ ಹಂಗೇ. ವಾರಗಟ್ಟಲೆ ಐಸಿಯುನಲ್ಲಿ ಮಲಗಿ ಎದ್ದೋರಿಗೆ ಕಾಲಲ್ಲಿ ಕಸುವೇ ಇರಲ್ಲ, ಮರೆವು, ನಿದ್ದೆ ಬರಲ್ಲ, ಸುಮ್ಮನೆ ಭಯ, ಇದಕ್ಕೆ ಡಾಕ್ಟ್ರುಗಳು ಪೋಸ್ಟ್ ಇಂಟೆನ್ಸಿವ್ ಕೇರ್ ಸಿಂಡ್ರೋಮ್ ಅಂತಾರೆ, ಕೋವಿಡ್‌ಗಿಂತ ಮುಂಚಿಂದಲೂ ಇರೋ ಹೆಸರು. ಬುಲೆಟಿನ್‌ನಲ್ಲಿ ಮಾತ್ರ ಅವರು ಗುಣಮುಖ.