ಸಣ್ಣ ಜಮೀನಿಗೆ ಮಾಂಸದ ದನ: ಚಂದ ನೋಡಬೇಡಿ, ಹೆರಿಗೆ ನೋಡಿ

ಹವ್ಯಾಸಕ್ಕೆ ನಾಲ್ಕು ದನ ಸಾಕಬೇಕು ಅನ್ನುವವರು ನನ್ನ ಹತ್ತಿರ ಬರುವಾಗ ಮೊಬೈಲಿನಲ್ಲಿ ಒಂದು ಫೋಟೊ ಇಟ್ಟುಕೊಂಡೇ ಬರುತ್ತಾರೆ. ಹೆಚ್ಚಿನ ಸಲ ಅದು ಹೈಲ್ಯಾಂಡ್ ಎಂಬ ತಳಿಯ ದನದ್ದು. ಕಣ್ಣಿನ ಮೇಲೆ ಇಳಿಬಿದ್ದ ಕೆಂಚು ಕೂದಲು, ಅಗಲವಾದ ಕೊಂಬು. ಚಂದವೇ, ಇಲ್ಲ ಅನ್ನುವುದಿಲ್ಲ. ಆದರೆ ಆ ಎರಡು ಪದರದ ಕೂದಲು ಸ್ಕಾಟ್ಲೆಂಡಿನ ಚಳಿಮಳೆಗೆ ಬಂದದ್ದು. ಸೆಖೆಯ ಜಾಗದಲ್ಲಿ ಅದು ದನಕ್ಕೆ ಶಿಕ್ಷೆ. ಬೆಳವಣಿಗೆಯೂ ನಿಧಾನ.

ನಾನು ಪಶುವೈದ್ಯ. ಹಾಗಾಗಿ ತಳಿ ಅಂದ ಕೂಡಲೇ ಮಾಂಸದ ರುಚಿಗಿಂತ ಮೊದಲು ನೆನಪಾಗುವುದು ಹೆರಿಗೆ. ದೊಡ್ಡ ಫಾರಂಗಳಲ್ಲಿ ರಾತ್ರಿ ಎದ್ದು ನೋಡಲು ಆಳುಗಳಿರುತ್ತಾರೆ. ಹವ್ಯಾಸದವರು ಹಗಲೆಲ್ಲ ಬೇರೆ ಕೆಲಸದಲ್ಲಿರುತ್ತಾರೆ. ಸುಮಾರು 283 ದಿನ ಗಬ್ಬದಲ್ಲಿದ್ದ ಕರು ಕೊನೆಯ ಗಳಿಗೆಯಲ್ಲಿ ಸಿಕ್ಕಿಕೊಂಡರೆ ಎಳೆಯುವವರು ಯಾರು? ಬೆಲ್ಜಿಯನ್ ಬ್ಲೂ ತಳಿಯಲ್ಲಿ ಮಾಂಸಖಂಡ ಬೆಳೆಯುವುದಕ್ಕೆ ಕಡಿವಾಣ ಹಾಕುವ ಜೀನ್ ಕೆಟ್ಟಿರುತ್ತದೆ. ಅದಕ್ಕೇ ಆ ಉಬ್ಬಿದ ತೊಡೆ, ಬೆನ್ನು. ಆದರೆ ಅಪ್ಪಟ ತಳಿಯ ಹಸುಗಳಿಗೆ ಹೊಟ್ಟೆ ಕೊಯ್ದೇ ಕರು ತೆಗೆಯುವುದು ಮಾಮೂಲಿ. ಸಣ್ಣ ಜಮೀನಿನವರು ಅದರ ತಂಟೆಗೇ ಹೋಗಬಾರದು. ಶಾರೊಲೆ ಎಂಬ ತಳಿ ಬೇಗ ಮೈ ತುಂಬಿಕೊಳ್ಳುತ್ತದೆ, ಹುಟ್ಟುವಾಗಲೇ ಕರುವೂ ಭಾರ. ಚೊಚ್ಚಲ ಕಡಸಿಗೆ ಅಂಥ ಹೋರಿಯ ವೀರ್ಯ ಕೊಡಿಸುವುದು ನನಗೆ ಒಪ್ಪಿಗೆಯಿಲ್ಲ.

ಆಂಗಸ್ ತಳಿ ನನಗೆ ಇಷ್ಟವಾಗುವುದು ಹೆರಿಗೆಯ ಕಾರಣಕ್ಕೇ. ಕರು ಸಾಮಾನ್ಯವಾಗಿ ಸಣ್ಣದಾಗಿ ಹುಟ್ಟುತ್ತದೆ, ಎದ್ದು ಬೇಗ ಮೊಲೆ ಹಿಡಿಯುತ್ತದೆ, ಆಮೇಲೆ ಚೆನ್ನಾಗಿ ಬೆಳೆಯುತ್ತದೆ. ಹುಟ್ಟಿನಿಂದಲೇ ಕೊಂಬಿಲ್ಲ. ಕೊಂಬಿಲ್ಲದ ಗುಣ ಪ್ರಬಲವಾದದ್ದು. ಹಾಗಾಗಿ ಕೊಂಬಿನ ತಳಿಯ ಹಸುವಿಗೆ ಅಪ್ಪಟ ಆಂಗಸ್ ವೀರ್ಯ ಕೊಟ್ಟರೂ ಕರು ಸಾಮಾನ್ಯವಾಗಿ ಬೋಳು ತಲೆಯದೇ. ಹಾಗಂತ ಆಂಗಸ್ ಹೆಸರು ನೋಡಿ ಕಣ್ಮುಚ್ಚಿ ನಂಬಬೇಡಿ. ಒಂದೇ ತಳಿಯ ಹೋರಿಗಳಲ್ಲೂ ಭಾರಿ ವ್ಯತ್ಯಾಸವಿದೆ. ಕೃತಕ ಗರ್ಭಧಾರಣೆ ಮಾಡಿಸುವಾಗ ಆ ಹೋರಿಯ ಕರುಗಳ ಹುಟ್ಟುತೂಕ, ಹೆರಿಗೆ ಸಲೀಸೋ ಕಷ್ಟವೋ ಎಂಬ ದಾಖಲೆ ಕೇಳಿ. ಮೂರು ಹಸುವಿಗೋಸ್ಕರ ಹೋರಿ ಕಟ್ಟಿಕೊಳ್ಳುವುದಂತೂ ಬೇಡವೇ ಬೇಡ. ಮೇವೂ ದಂಡ, ಅಪಾಯವೂ ಜಾಸ್ತಿ.

ಜಾಗ ತೀರಾ ಕಡಿಮೆ ಅನ್ನುವವರಿಗೆ ಐರ್ಲೆಂಡಿನ ಡೆಕ್ಸ್‌ಟರ್ ತಳಿ ಇದೆ. ಹಸು 300-350 ಕಿಲೊ ಅಷ್ಟೇ. ದನ ದಿನಕ್ಕೆ ತನ್ನ ತೂಕದ ಶೇ. 2ರಿಂದ 2.5ರಷ್ಟು ಒಣಮೇವಿನ (ನೀರಿನಂಶ ಕಳೆದ ಮೇವಿನ) ಲೆಕ್ಕದಲ್ಲಿ ತಿನ್ನುತ್ತದೆ. 650 ಕಿಲೊ ಹಸುವಿಗೆ 13ರಿಂದ 16 ಕಿಲೊ ಬೇಕು, ಡೆಕ್ಸ್‌ಟರಿಗೆ ಅದರ ಅರ್ಧ ಸಾಕು. ಹೊಲ ತುಳಿದು ಕೆಸರು ಮಾಡುವುದೂ ಕಡಿಮೆ. ಆದರೆ ಇಲ್ಲೊಂದು ಮುಖ್ಯ ವಿಷಯವಿದೆ, ಮಾರುವವರು ಎಲ್ಲರೂ ಹೇಳುವುದಿಲ್ಲ. ಗಿಡ್ಡ ಕಾಲಿನ ಡೆಕ್ಸ್‌ಟರುಗಳಲ್ಲಿ ಒಂದು ಜೀನ್ ದೋಷವಿರುತ್ತದೆ. ತಾಯಿ ಅಥವಾ ತಂದೆ ಒಬ್ಬರಿಂದ ಮಾತ್ರ ಆ ಜೀನ್ ಬಂದಿದ್ದರೆ ಕಾಲು ಗಿಡ್ಡ, ಅಷ್ಟೇ. ತಾಯಿ, ತಂದೆ ಇಬ್ಬರಲ್ಲೂ ಇದ್ದರೆ ನಾಲ್ಕರಲ್ಲಿ ಒಂದು ಕರು ಎರಡೂ ಕಡೆಯಿಂದ ಅದನ್ನು ಪಡೆಯುವ ಸಾಧ್ಯತೆ ಇದೆ. ಅಂಥದ್ದು ವಿಕಾರವಾಗಿ ಬೆಳೆದು ಸಾಮಾನ್ಯವಾಗಿ ಹೊಟ್ಟೆಯಲ್ಲೇ ಸಾಯುತ್ತದೆ. ಇದಕ್ಕೆ ಡಿಎನ್‌ಎ ಪರೀಕ್ಷೆ ಇದೆ. ಫಲಿತಾಂಶದ ಕಾಗದ ಕೈಗೆ ಬಾರದೆ ದುಡ್ಡು ಕೊಡಬೇಡಿ. ಮುದ್ದಾದ ಗಿಡ್ಡ ಜೋಡಿಯೇ ಬೇಕೆಂದು ಹಟ ಹಿಡಿಯುವವರನ್ನು ಕಂಡರೆ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ.

ಹೆರೆಫೋರ್ಡ್ ತಳಿ ಸಾಧು ಸ್ವಭಾವಕ್ಕೆ ಹೆಸರುವಾಸಿ, ಹೊಸಬರಿಗೆ ಒಳ್ಳೆಯದು. ಬಿಸಿಲು ಜಾಸ್ತಿ ಇರುವಲ್ಲಿ ಮಾತ್ರ ರೆಪ್ಪೆಗೆ ಬಣ್ಣವಿರುವುದನ್ನು ಆರಿಸಿ. ಬಿಳಿ ರೆಪ್ಪೆಯವಕ್ಕೆ ಕಣ್ಣಿನ ಕ್ಯಾನ್ಸರ್ ಕಾಟ ಹೆಚ್ಚು. ಸೆಖೆಯೂ ಉಣ್ಣಿಯೂ ಸೇರಿದ ಜಾಗವಾದರೆ ಬ್ರಾಹ್ಮನ್ ಎಂಬ ದನದ ತಳಿಯ ರಕ್ತ ಬೆರೆತ ಮಿಶ್ರತಳಿಯೇ ವಾಸಿ. ಅದಕ್ಕೆ ದಿನಾ ಹತ್ತಿರ ಹೋಗಿ ಸಲಿಗೆ ಬೆಳೆಸಬೇಕು, ಇಲ್ಲದಿದ್ದರೆ ಬೆದರುತ್ತದೆ.

ಇಷ್ಟೆಲ್ಲ ಕೇಳಿದ ಮೇಲೆ ನಾನು ಒಂದು ಪ್ರಶ್ನೆ ಹಾಕುತ್ತೇನೆ: ನಿಮಗೆ ಕರು ಹಾಕಿಸಲೇಬೇಕಾ? ಮನೆ ಮಟ್ಟಿಗೆ ಮಾಂಸ ಸಾಕು ಅನ್ನುವುದಾದರೆ, ಹಾಲು ಬಿಟ್ಟ, ಬೀಜ ಒಡೆಸಿದ ಎರಡು ಹೋರಿಗರು ತನ್ನಿ. ಒಂದೇ ಬೇಡ, ಒಂಟಿ ದನ ಕಂಗಾಲಾಗಿ ಬೇಲಿ ಹಾರುತ್ತದೆ. ಆಗ ಹೆರಿಗೆಯ ಚಿಂತೆ ಇಲ್ಲ, ಹೋರಿಯ ಚಿಂತೆ ಇಲ್ಲ, ಮಿಶ್ರತಳಿಯಾದರೂ ನಡೆಯುತ್ತದೆ. ಹುಲ್ಲು ಇರುವಷ್ಟು ದಿನ ಮೇಯಿಸಿ, ಹುಲ್ಲು ಮುಗಿಯುವ ಹೊತ್ತಿಗೆ ಮಾಂಸಕ್ಕೆ ಕೊಡಬಹುದು, ಇಲ್ಲವೇ ಮಾರಬಹುದು.

ಕೊಳ್ಳುವ ದಿನ ಒಂದು ಕೆಲಸ ಮಾಡಿ. ದನ ಇರುವ ಆವರಣದೊಳಗೆ ಮಾಲೀಕನ ಜೊತೆ ನೀವೂ ನಿಧಾನಕ್ಕೆ ನಡೆದು ನೋಡಿ. ತಲೆ ಎತ್ತಿ ದುರುಗುಟ್ಟಿ ನೋಡುವ, ಬೇಲಿಗೆ ಗುದ್ದಿಕೊಂಡು ಓಡುವ ದನ ಬೇಡ. ಅದರ ತಳಿ ಎಷ್ಟೇ ಹೆಸರಾಗಿರಲಿ, ಬಿಟ್ಟು ಬನ್ನಿ.