ಪದ ಪರಿಚಯ: ‘ಆರ್ಟ್ ಟಿವಿ’ ಅಂದ್ರೆ ಯಾವ ಟಿವಿ?

ಚಿಕ್ಕಮಗಳೂರಿನ ಎಂ.ಜಿ. ರಸ್ತೆಯ ಒಂದು ಅಂಗಡಿಗೆ ಅಕ್ಕ, ಭಾವನ ಜೊತೆ ಹೋಗಿದ್ದೆ. ಅಕ್ಕ ‘ಫ್ರೇಮ್ ಟಿವಿ ಇದೆಯಾ?’ ಅಂತ ಕೇಳಿದಳು. ಅಂಗಡಿಯ ಹುಡುಗ ‘ಇದೆ ಮೇಡಂ, ಬನ್ನಿ’ ಅಂತ ಒಳಗೆ ಕರೆದುಕೊಂಡು ಹೋಗಿ ‘ಫ್ರೇಮ್‌ಲೆಸ್’ ಟಿವಿ ತೋರಿಸಿದ. ಅಂಚೇ ಕಾಣದ ಟಿವಿ ಅದು. ಅಕ್ಕನಿಗೆ ಬೇಕಿದ್ದದ್ದು ಪೂರ್ತಿ ಉಲ್ಟಾ. ನಾಲ್ಕೂ ಕಡೆ ಮರದಂಥ ಕಟ್ಟು ಇರಬೇಕು, ಯಾರೂ ನೋಡದೇ ಇರುವಾಗ ಗೋಡೆಗೆ ಹಾಕಿದ ಪಟದ ಹಾಗೆ ಕಾಣಬೇಕು. ಇವಳು ಅಂಚು ಎಲ್ಲಿ ಅಂತ, ಅವನು ಅಂಚೇ ಇಲ್ಲ ನೋಡಿ ಅಂತ. ಹತ್ತು ನಿಮಿಷ ಹೀಗೇ ನಡೆಯಿತು. ತಪ್ಪು ಹುಡುಗನದ್ದೂ ಅಲ್ಲ, ಅಕ್ಕನದ್ದೂ ಅಲ್ಲ. ಪದವೇ ನಮ್ಮಲ್ಲಿ ಇನ್ನೂ ಸರಿಯಾಗಿ ಕೂತಿಲ್ಲ.

ಆರ್ಟ್ ಟಿವಿ ಅಂದರೆ ಆಫ್ ಮಾಡಿದ ಮೇಲೂ ಗೋಡೆಗೆ ಚಂದ ಕಾಣಲಿ ಅಂತಲೇ ಮಾಡಿದ ಟಿವಿ. ಯೋಚನೆ ಮಾಡಿ, ದಿನಕ್ಕೆ ನಾಲ್ಕು ಗಂಟೆ ಟಿವಿ ನೋಡುವ ಮನೆಯಲ್ಲಿ ಉಳಿದ ಇಪ್ಪತ್ತು ಗಂಟೆ ಅದು ಬರೀ ಕಪ್ಪು ಗಾಜು. 55 ಇಂಚಿನದ್ದಾದರೆ 4 ಅಡಿ ಅಗಲ, ಎರಡೂಕಾಲು ಅಡಿ ಎತ್ತರದ ಕಪ್ಪು ಗಾಜು. ಆಸೆಪಟ್ಟು ಬಣ್ಣ ಹೊಡೆಸಿದ ಗೋಡೆಯ ನಡುವೆ ಅದು ಕಿಟಕಿ ಕಿತ್ತು ಹಾಕಿದ ಜಾಗದ ಹಾಗೆ ಕಾಣುತ್ತದೆ.

ಟಿವಿಯನ್ನು ಮರೆಮಾಡುವ ಆಸೆ ಹೊಸದೇನಲ್ಲ. ಎಂಬತ್ತರ ದಶಕದಲ್ಲಿ ಮರದ ಪೆಟ್ಟಿಗೆಯ ಟಿವಿಗೆ ಎಳೆದು ಮುಚ್ಚುವ ಬಾಗಿಲು ಇರುತ್ತಿತ್ತು. ಬಾಗಿಲು ಇಲ್ಲದವರು ಕಸೂತಿ ಹಾಕಿದ ಬಟ್ಟೆ ಹೊದಿಸುತ್ತಿದ್ದರು. ಮೇಲೆ ಒಂದು ಪ್ಲಾಸ್ಟಿಕ್ ಹೂದಾನಿ ಬೇರೆ! ಟಿವಿ ತೆಳ್ಳಗಾಗಿ ಗೋಡೆ ಹತ್ತಿದ ಮೇಲೆ ಬಟ್ಟೆಯೂ ಹೋಯಿತು, ಹೂದಾನಿಯೂ ಹೋಯಿತು.

2017ರಲ್ಲಿ ಸ್ಯಾಮ್‌ಸಂಗ್ ಕಂಪನಿ ‘ದಿ ಫ್ರೇಮ್’ ಅನ್ನುವ ಟಿವಿ ತಂದಿತು. ಸ್ವಿಟ್ಜರ್ಲೆಂಡ್ ಮೂಲದ ವಿನ್ಯಾಸಕಾರ ಈವ್ ಬೆಹಾರ್ ಅದರ ವಿನ್ಯಾಸದಲ್ಲಿ ಕೈ ಜೋಡಿಸಿದ್ದರು. ಸುತ್ತ ಬೇಕಾದ ಬಣ್ಣದ ಕಟ್ಟು ಸಿಕ್ಕಿಸಬಹುದು, ಗೋಡೆಗೆ ಅಂಟಿದ ಹಾಗೆ ಕೂರಿಸಬಹುದು, ನೋಡದಿದ್ದಾಗ ಚಿತ್ರ ತೋರಿಸುತ್ತದೆ. ಆಮೇಲೆ ಹೈಸೆನ್ಸ್ ‘ಕ್ಯಾನ್ವಾಸ್ ಟಿವಿ’ ಅಂತ, ಟಿಸಿಎಲ್ ‘ನೆಕ್ಸ್ಟ್‌ಫ್ರೇಮ್’ ಅಂತ ಅದೇ ಜಾತಿಯ ಟಿವಿ ತಂದವು. ಆದರೂ ಜನರ ಬಾಯಲ್ಲಿ ಎಲ್ಲವೂ ಫ್ರೇಮ್ ಟಿವಿಯೇ. ಯಾವ ಮಷೀನಿನಲ್ಲಿ ತೆಗೆದರೂ ನಾವು ಜೆರಾಕ್ಸ್ ಅನ್ನುವುದಿಲ್ಲವಾ, ಹಾಗೆ. ಅಂಗಡಿಯಲ್ಲಿ ಗೊಂದಲ ಬೇಡ ಅಂದರೆ ‘ಆರ್ಟ್ ಮೋಡ್ ಇರುವ ಟಿವಿ’ ಅಂತ ಕೇಳಿ. ಮನೆಯ ಹಿರಿಯರಿಗೆ ಹೇಳಬೇಕಾದರೆ ‘ಕಟ್ಟು ಹಾಕಿಸಿದ ಟಿವಿ’ ಅನ್ನಿ, ತಕ್ಷಣ ಅರ್ಥವಾಗುತ್ತದೆ. ಫೋಟೋಗೆ ಕಟ್ಟು ಹಾಕಿಸೋದು ಅವರದೇ ಮಾತು ತಾನೆ.

ಈ ಆರ್ಟ್ ಮೋಡ್ ಅನ್ನುವುದೇ ಇಲ್ಲಿನ ಮುಖ್ಯ ಪದ. ‘ನಮ್ಮ ಟಿವಿಯಲ್ಲೂ ಸುಮ್ನೆ ಬಿಟ್ಟರೆ ಬೆಟ್ಟ, ಸಮುದ್ರದ ಫೋಟೋ ಬರುತ್ತಲ್ಲ, ಅದೇ ತಾನೆ?’ ಅಂತ ಭಾವ ಕೇಳಿದರು. ಅದು ಸ್ಕ್ರೀನ್ ಸೇವರ್. ಅದೂ ಚಿತ್ರ ತೋರಿಸುತ್ತದೆ ನಿಜ, ಆದರೆ ಟಿವಿಯ ಬೆಳಕಿನಲ್ಲೇ ತೋರಿಸುತ್ತದೆ. ಸಂಜೆ ಹೊತ್ತಿಗೆ ಅದು ಪಟದ ಹಾಗಲ್ಲ, ಬಸ್ ಸ್ಟ್ಯಾಂಡಿನ ಜಾಹೀರಾತು ಬೋರ್ಡಿನ ಹಾಗೆ ಕಾಣುತ್ತದೆ.

ಯಾಕೆ ಅಂದರೆ, ಬಣ್ಣದಲ್ಲಿ ಬರೆದ ಚಿತ್ರ ತಾನಾಗಿ ಬೆಳಗುವುದಿಲ್ಲ. ಕೋಣೆಯ ಬೆಳಕು ಅದರ ಮೇಲೆ ಬಿದ್ದು ನಮ್ಮ ಕಣ್ಣಿಗೆ ಬರುತ್ತದೆ. ಮಧ್ಯಾಹ್ನ ಚಿತ್ರ ಹೊಳೆಯುತ್ತದೆ, ಮೋಡ ಕವಿದರೆ ಮಂಕಾಗುತ್ತದೆ, ರಾತ್ರಿ ಲೈಟ್ ಆರಿಸಿದರೆ ಕಾಣುವುದೇ ಇಲ್ಲ. ಟಿವಿ ಹಾಗಲ್ಲ, ತಾನೇ ಬೆಳಗುತ್ತದೆ. ಆರ್ಟ್ ಟಿವಿಯಲ್ಲಿ ಕೋಣೆಯ ಬೆಳಕು ಅಳೆಯುವ ಸೆನ್ಸರ್ ಇರುತ್ತದೆ. ಹೊರಗೆ ಮೋಡ ಕವಿದರೆ ಪರದೆಯೂ ಮಂಕಾಗುತ್ತದೆ. ಫ್ರೇಮ್‌ನಂಥ ಮಾಡೆಲ್‌ನಲ್ಲಿ ಯಾರಾದರೂ ಓಡಾಡುತ್ತಿದ್ದಾರಾ ಅಂತ ನೋಡುವ ಸೆನ್ಸರ್ ಕೂಡ ಇದೆ. ಹಾಲ್ ಖಾಲಿಯಾದರೆ ಸ್ವಲ್ಪ ಹೊತ್ತಿಗೆ ಚಿತ್ರ ಆರುತ್ತದೆ, ಯಾರಾದರೂ ಬಂದರೆ ಮತ್ತೆ ಬರುತ್ತದೆ. ಅದರಲ್ಲಿ ರಿಮೋಟಿನ ಪವರ್ ಬಟನ್ ಒಂದು ಸಲ ಒತ್ತಿದರೆ ಟಿವಿ ಆರುವುದಿಲ್ಲ, ಆರ್ಟ್ ಮೋಡ್‌ಗೆ ಹೋಗುತ್ತದೆ. ಪೂರ್ತಿ ಆರಿಸಬೇಕಾದರೆ ಬಟನ್ ಒತ್ತಿ ಹಿಡಿಯಬೇಕು. ಇದು ನೆನಪಿರಲಿ, ಕೊನೆಯಲ್ಲಿ ಮತ್ತೆ ಬರುತ್ತದೆ.

ಇನ್ನೊಂದು ಪದ ‘ಮ್ಯಾಟ್’. ಇದು ಭಾರೀ ತಲೆ ತಿನ್ನುವ ಪದ, ಯಾಕೆಂದರೆ ಕನ್ನಡದಲ್ಲಿ ಬರೆದರೆ ಎರಡು ಬೇರೆ ಬೇರೆ ಸಂಗತಿ ಒಂದೇ ಥರ ಕಾಣುತ್ತವೆ. ‘ಮ್ಯಾಟ್ ಡಿಸ್‌ಪ್ಲೇ’ ಅಂದರೆ ಹೊಳಪಿಲ್ಲದ ಪರದೆ. ‘ಮ್ಯಾಟ್ ಬೇಕಾ?’ ಅಂತ ಆರ್ಟ್ ಮೋಡ್ ಒಳಗೆ ಕೇಳಿದರೆ ಅದು ಚಿತ್ರದ ಸುತ್ತ ಬಿಡುವ ಬಿಳಿ ಅಥವಾ ಕೆನೆ ಬಣ್ಣದ ಪಟ್ಟಿ. ಕಟ್ಟು ಹಾಕುವ ಅಂಗಡಿಯಲ್ಲಿ ಫೋಟೋಗೂ ಗಾಜಿನ ಅಂಚಿಗೂ ನಡುವೆ ರಟ್ಟು ಕೂರಿಸುತ್ತಾರಲ್ಲ, ಅದು. ಬಾಗಿಲಲ್ಲಿ ಕಾಲೊರೆಸುವ ಮ್ಯಾಟ್ ಮೂರನೆಯದು, ಅದಕ್ಕೂ ಟಿವಿಗೂ ಸಂಬಂಧವಿಲ್ಲ.

ಎರಡರಲ್ಲಿ ಮೊದಲನೆಯದೇ ಜೀವಾಳ. ಸ್ಯಾಮ್‌ಸಂಗ್ ಫ್ರೇಮ್‌ಗೆ 2022ರ ಮಾಡೆಲ್‌ನಲ್ಲಿ ಮ್ಯಾಟ್ ಪರದೆ ಬಂತು. ಅದಕ್ಕಿಂತ ಮುಂಚಿನದು ಹೊಳೆಯುವ ಪರದೆ. ಹೊಳೆಯುವ ಪರದೆಯಲ್ಲಿ ಎಷ್ಟೇ ಒಳ್ಳೆಯ ಚಿತ್ರ ಹಾಕಿ, ಎದುರಿನ ಕಿಟಕಿ, ಟ್ಯೂಬ್‌ಲೈಟು, ಸೋಫಾದಲ್ಲಿ ಕೂತ ನೀವು, ಎಲ್ಲರೂ ಅದರೊಳಗೆ ಕಾಣುತ್ತೀರಿ. ಅಲ್ಲಿಗೆ ಪಟದ ನಾಟಕ ಮುಗಿಯಿತು. ಮ್ಯಾಟ್ ಪರದೆ ಬಿದ್ದ ಬೆಳಕನ್ನು ಚದುರಿಸುತ್ತದೆ. ಹತ್ತಿರ ಹೋಗಿ ನೋಡಿದರೆ ಕಾಗದದ ಹಾಗೆ ಇರುತ್ತದೆ. ಇದಕ್ಕೆ ತೆರುವ ಬೆಲೆಯೂ ಇದೆ. ಹಗಲು ಬೆಳಕಿನಲ್ಲಿ ಸಿನಿಮಾದ ಕತ್ತಲ ದೃಶ್ಯ ಬಂದರೆ ಕಪ್ಪು ಕಪ್ಪಾಗಿ ಕಾಣದೆ ಬೂದಿ ಬೂದಿಯಾಗಿ ಕಾಣುತ್ತದೆ.

ಇಲ್ಲಿ ಒಂದು ಮಾತು ನೇರವಾಗಿ ಹೇಳಿಬಿಡುತ್ತೇನೆ. ಬರೀ ಸಿನಿಮಾ, ಕ್ರಿಕೆಟ್ ಚೆನ್ನಾಗಿ ಕಾಣಬೇಕು ಅನ್ನುವವರು ಅದೇ ದುಡ್ಡಿಗೆ ಇದಕ್ಕಿಂತ ಒಳ್ಳೆಯ ಟಿವಿ ತರಬಹುದು. ಕಪ್ಪನ್ನು ನಿಜವಾದ ಕಪ್ಪಾಗಿ ತೋರಿಸುವುದು ಓಎಲ್‌ಇಡಿ, ಅಂದರೆ ಹಿಂದೆ ದೀಪವಿಲ್ಲದೆ ಚುಕ್ಕಿ ಚುಕ್ಕಿಯೂ ತಾನೇ ಬೆಳಗುವ ಪರದೆ. ಆದರೆ ಒಂದೇ ಚಿತ್ರವನ್ನು ದಿನಗಟ್ಟಲೆ ಬಿಟ್ಟರೆ ಅದರಲ್ಲಿ ಅಚ್ಚು ಉಳಿದುಬಿಡುವ ಭಯ. ಅದಕ್ಕೇ ಆರ್ಟ್ ಟಿವಿಗಳು ಹೆಚ್ಚಾಗಿ ಎಲ್‌ಸಿಡಿ ಜಾತಿಯವು. ಕ್ಯೂಎಲ್‌ಇಡಿ ಅಂತ ಬರೆದಿದ್ದರೂ ಹಿಂದಿನಿಂದ ದೀಪ ಬಿಡುವ ಎಲ್‌ಸಿಡಿಯೇ. 32 ಇಂಚಿನ ಫ್ರೇಮ್ 4ಕೆ ಅಲ್ಲ, ಬರೀ ಫುಲ್ ಎಚ್‌ಡಿ, ಅಂದರೆ ಚಿತ್ರದ ಚುಕ್ಕಿಗಳು 4ಕೆಯ ಕಾಲು ಭಾಗ ಮಾತ್ರ. ಮಲಗುವ ಕೋಣೆಗೆ ಚಿಕ್ಕದು ಸಾಕು ಅನ್ನುವವರು ಇದನ್ನು ಗಮನಿಸಿ.

ಸರಿ, ಏನು ಚಿತ್ರ ಹಾಕೋದು? ಕಂಪನಿಗಳು ತಿಂಗಳ ಚಂದಾಗೆ ಚಿತ್ರ ಕೊಡುತ್ತವೆ. ಅದು ಬೇಕೇ ಬೇಕು ಅಂತಿಲ್ಲ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2017ರಿಂದ ತನ್ನಲ್ಲಿನ ಹಕ್ಕುಸ್ವಾಮ್ಯ ಮುಗಿದ ಲಕ್ಷಾಂತರ ಕೃತಿಗಳ ಫೋಟೋ ಬಿಟ್ಟಿಯಾಗಿ ಇಳಿಸಿಕೊಳ್ಳಲು ಬಿಟ್ಟಿದೆ. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂನಲ್ಲೂ ಸಿಗುತ್ತವೆ. ನಮ್ಮ ದೇಶದ ಕಾನೂನಿನಲ್ಲಿ ಚಿತ್ರಕಾರ ತೀರಿಕೊಂಡು 60 ವರ್ಷ ಕಳೆದರೆ ಹಕ್ಕು ಮುಗಿಯುತ್ತದೆ. ರಾಜಾ ರವಿವರ್ಮ ತೀರಿಕೊಂಡದ್ದು 1906ರಲ್ಲಿ, ಹಾಗಾಗಿ ಅವರ ಚಿತ್ರಕ್ಕೆ ತೊಂದರೆ ಇಲ್ಲ.

ತೊಂದರೆ ಇರುವುದು ಆಕಾರದಲ್ಲಿ. ನಮ್ಮ ಮನೆಗಳಲ್ಲಿ ತಲೆಮಾರಿನಿಂದ ಇರುವ ರವಿವರ್ಮನ ಲಕ್ಷ್ಮಿ, ಸರಸ್ವತಿ ಎರಡೂ ನಿಂತ ಆಕಾರದ ಪಟ. ಟಿವಿ ಮಲಗಿದ ಆಕಾರ, 16ಕ್ಕೆ 9. ಲಕ್ಷ್ಮಿಯನ್ನು ಪೂರ್ತಿ ಕೂರಿಸಬೇಕಾದರೆ ಎರಡೂ ಕಡೆ ಅಗಲ ಪಟ್ಟಿ ಬಿಡಬೇಕು. 55 ಇಂಚಿನ ಟಿವಿಯ ಎತ್ತರವೇ 27 ಇಂಚು. ಮೇಲೆ ಕೆಳಗೆ ಮ್ಯಾಟ್ ಬಿಟ್ಟರೆ ದೇವಿಗೆ 22 ಇಂಚು ಉಳಿದರೆ ಹೆಚ್ಚು. ಇಷ್ಟು ದುಡ್ಡು ಹಾಕಿ ಹಳೇ ಪಟಕ್ಕಿಂತ ಚಿಕ್ಕ ಪಟ! ಅಕ್ಕನ ಅತ್ತೆಯವರ ಪ್ರಶ್ನೆ ಇನ್ನೂ ಖಡಕ್ಕಾಗಿತ್ತು: ‘ಹೂ ಎಲ್ಲಿಗೆ ಸಿಕ್ಕಿಸೋದಮ್ಮ?’

ಮೈಸೂರು ಶೈಲಿಯ ಚಿತ್ರಗಳಂತೂ ಟಿವಿಯಲ್ಲಿ ಸೋಲುತ್ತವೆ. ಅದರಲ್ಲಿ ಚಿನ್ನದ ರೇಕು ಉಬ್ಬಿಸಿ ಅಂಟಿಸಿರುತ್ತಾರೆ. ದೀಪ ಅಲುಗಿದರೆ, ನೀವು ಎರಡು ಹೆಜ್ಜೆ ಸರಿದರೆ ಆ ಚಿನ್ನ ಮಿನುಗುತ್ತದೆ. ಟಿವಿಯಲ್ಲಿ ಅದು ಬರೀ ಹಳದಿ.

ಬೆಳ್ಳಗಿನ ಚಿತ್ರವೂ ಬೇಡ. ಅಕ್ಕನ ಮನಸ್ಸಿನಲ್ಲಿ ಇದ್ದದ್ದು ತೋಟದ ಕಾಫಿ ಹೂವಿನ ಫೋಟೋ. ಹೂಮಳೆ ಬಿದ್ದು ಒಂದೂವರೆ ವಾರಕ್ಕೆ ಗಿಡವೆಲ್ಲ ಮಲ್ಲಿಗೆ ಸುರಿದ ಹಾಗೆ ಆಗುತ್ತಲ್ಲ, ಅಂಥದ್ದು. ಅವರ ಹಳೇ ಟಿವಿಯಲ್ಲೇ ಪೆನ್‌ಡ್ರೈವ್‌ನಿಂದ ಹಾಕಿ, ಬ್ರೈಟ್‌ನೆಸ್ ಇಳಿಸಿ ನೋಡಿದೆವು. ಸಂಜೆಯಾದ ಮೇಲೆ ಗೋಡೆಗೆ ಟ್ಯೂಬ್‌ಲೈಟ್ ಕಟ್ಟಿದ ಹಾಗಿತ್ತು. ಬಿಳಿ ಜಾಸ್ತಿ ಇದ್ದಷ್ಟೂ ಪರದೆ ತನ್ನ ಗುಟ್ಟು ಬಿಟ್ಟುಕೊಡುತ್ತದೆ. ಅದರ ಬದಲು ಹಳೇಬೀಡಿನ ಗುಡಿಯ ಹೊರಗೋಡೆಯ ಆನೆ ಸಾಲು ಹಾಕಿದೆವು. ಬೇಲೂರಿಗೆ ಹೋದಾಗ ಹಾಗೇ ಮುಂದೆ ಹೋಗಿ ನಾನೇ ಫೋನಿನಲ್ಲಿ ತೆಗೆದದ್ದು, ಫೋನ್ ಅಡ್ಡ ಹಿಡಿದು. ಆನೆ ಸಾಲು ಅಂದರೆ ಮೊದಲೇ ಉದ್ದಕ್ಕೆ ಸಾಗುವ ಚಿತ್ರ, 16ಕ್ಕೆ 9ರಲ್ಲಿ ಲಕ್ಷಣವಾಗಿ ಕೂತಿತು. ಬಳಪದ ಕಲ್ಲಿನ ಬೂದು ಬಣ್ಣ ಬೇರೆ, ಕಣ್ಣಿಗೆ ಹೊಡೆಯುವುದಿಲ್ಲ. ಹಾಲಿಗೆ ಬಂದ ಪಕ್ಕದ ಮನೆಯವರು ಐದು ನಿಮಿಷ ಕೂತಿದ್ದು, ಆಮೇಲೆ ‘ಟಿವಿ ಎಲ್ಲಿಟ್ರಿ?’ ಅಂದರು. ಇಂಥ ಟಿವಿ ಕೊಳ್ಳುವ ಯೋಚನೆ ಇದ್ದವರು ಒಂದು ವಾರ ಹೀಗೆ ಹಳೇ ಟಿವಿಯಲ್ಲೇ ಮಾಡಿ ನೋಡಿ. ಅಂಗಡಿಯ ನೂರು ಲೈಟಿನ ಕೆಳಗೆ ನಿಂತರೆ ಏನೂ ಗೊತ್ತಾಗುವುದಿಲ್ಲ.

ಗೋಡೆಯ ವಿಷಯ ಮಲೆನಾಡಿನವರು ಎರಡು ಸಲ ಯೋಚಿಸಬೇಕು. ಗೋಡೆಗೆ ಅಂಟಿಸಿದ ಹಾಗೆ ಕೂರುವುದು ಆರ್ಟ್ ಟಿವಿಯ ಅಂದ. ಆದರೆ ಜೂನ್, ಜುಲೈನಲ್ಲಿ ಮಳೆ ಹೊಡೆಯುವ ಹೊರಗೋಡೆಗೆ ಹಾಗೆ ಅಂಟಿಸಿದರೆ ಹಿಂದೆ ಗಾಳಿ ಆಡದೆ ಬೂಷ್ಟು ಹಿಡಿಯುತ್ತದೆ. ಎರಡು ಕೋಣೆಗಳ ನಡುವಿನ ಒಳಗೋಡೆಯೇ ಸರಿ.

ಇನ್ನು ಸಿಡಿಲು. ಏಪ್ರಿಲ್, ಮೇನಲ್ಲಿ ಸಂಜೆ ಗುಡುಗು ಶುರುವಾದರೆ ನಮ್ಮ ಕಡೆ ಮೊದಲು ಮಾಡುವ ಕೆಲಸ ಟಿವಿ ಪ್ಲಗ್ ಕೀಳುವುದು. ಬರೀ ಸ್ವಿಚ್ ಆರಿಸಿದರೆ ಯಾರಿಗೂ ಸಮಾಧಾನವಿಲ್ಲ, ಕಿತ್ತೇ ಹಾಕಬೇಕು. ಪಾಯಿಂಟ್ ಟಿವಿಯ ಹಿಂದೆಯೇ ಇದ್ದರೆ ಅದು ಆಗದ ಮಾತು, ಕೈ ಹೋಗಲು ಸಂದಿಯೇ ಇರುವುದಿಲ್ಲ. ಕೆಲವು ಮಾಡೆಲ್‌ಗಳಿಗೆ ಬೇರೆ ಪೆಟ್ಟಿಗೆ ಇರುತ್ತದೆ. ಕರೆಂಟು, ಸೆಟ್‌ಟಾಪ್ ಬಾಕ್ಸು ಎಲ್ಲ ಆ ಪೆಟ್ಟಿಗೆಗೆ, ಅಲ್ಲಿಂದ ಟಿವಿಗೆ ಒಂದೇ ಸಣ್ಣ ವೈರು. ಪೆಟ್ಟಿಗೆ ಕಪಾಟಿನಲ್ಲಿ ಇಟ್ಟರೆ ಪ್ಲಗ್ ಕೈಗೆ ಸಿಗುತ್ತದೆ. ಎಲ್ಲಾ ಕಂಪನಿಯಲ್ಲೂ ಇದು ಇರಲ್ಲ, ಕೇಳಿ ತಿಳಿದುಕೊಳ್ಳಿ. ಹೊಸ ಮನೆ ಕಟ್ಟುತ್ತಿದ್ದರೆ ವೈರಿಂಗ್ ಮಾಡುವಾಗಲೇ ಪೈಪ್ ಬಿಡಿಸಿ. ಗಾರೆ, ಪೇಂಟು ಮುಗಿದ ಮೇಲೆ ಗೋಡೆ ಕೊರೆಸಿದರೆ ಆ ವೈರು ಮುಚ್ಚುವುದಕ್ಕೇ ಇನ್ನೊಂದು ಪಟ ಬೇಕಾಗುತ್ತದೆ.

ಕರೆಂಟ್ ಲೆಕ್ಕ ಸುಲಭ. ಆರ್ಟ್ ಮೋಡ್‌ನಲ್ಲಿ ಟಿವಿ 50 ವ್ಯಾಟ್ ಎಳೆಯುತ್ತದೆ ಅಂತ ಇಟ್ಟುಕೊಳ್ಳಿ. ದಿನಕ್ಕೆ 10 ಗಂಟೆ ಅಂದರೆ ಅರ್ಧ ಯೂನಿಟ್, ತಿಂಗಳಿಗೆ 15 ಯೂನಿಟ್. ಚಿಕ್ಕಮಗಳೂರಿನ ಮೆಸ್ಕಾಂ ಆಗಲಿ, ಹಾಸನದ ಸೆಸ್ಕ್ ಆಗಲಿ, ಈ ಲೆಕ್ಕ ಬದಲಾಗಲ್ಲ. ಗೃಹಜ್ಯೋತಿಯಲ್ಲಿ ಇದ್ದು 200 ಯೂನಿಟ್ ಅಂಚಿನಲ್ಲಿ ನಿಂತವರಿಗೆ ಮಾತ್ರ ಈ 15 ದೊಡ್ಡದು. 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು.

ಇಷ್ಟೆಲ್ಲ ಲೆಕ್ಕ ಹಾಕಿ ಅಕ್ಕ ಕೊನೆಗೂ 55 ಇಂಚಿನದ್ದೇ ತಂದಳು. ಅದಕ್ಕೂ ಮುಂಚೆ ನ್ಯೂಸ್‌ಪೇಪರ್ ಹಾಳೆ ಅಂಟಿಸಿ ಅಳತೆ ನೋಡಿ, ಸೋಫಾದಲ್ಲಿ ಕೂತರೆ ಕಣ್ಣು ಎಲ್ಲಿಗೆ ಬರುತ್ತದೆ ಅಂತ ಪೆನ್ಸಿಲ್ ಗುರುತು ಹಾಕಿದ್ದಳು. ಪಟವಾಗಿ ನೋಡಿದರೆ ಸ್ವಲ್ಪ ಮೇಲಿರಬೇಕು, ಟಿವಿಯಾಗಿ ನೋಡಿದರೆ ಕೆಳಗಿರಬೇಕು. ಅವಳು ಟಿವಿ ಪಕ್ಷ ವಹಿಸಿದಳು, ಕುತ್ತಿಗೆ ಉಳಿಯಿತು.

ಅವಳು ಲೆಕ್ಕಕ್ಕೆ ತಗೊಳ್ಳದೇ ಇದ್ದದ್ದು ಭಾವನನ್ನು. ಯಾರೂ ನೋಡದ ಟಿವಿ ಉರಿಯುತ್ತಿದ್ದರೆ ಅವರಿಗೆ ತಡೆಯಲ್ಲ. ‘ಸುಮ್ನೆ ಯಾಕೆ ಕರೆಂಟ್’ ಅಂತ ಹೋಗಿಬರುವಾಗೆಲ್ಲ ಗೋಡೆಯ ಸ್ವಿಚ್ಚನ್ನೇ ಆರಿಸಿಬಿಡುತ್ತಿದ್ದರು. ಆನೆ ಸಾಲು ಮಾಯ, ಮತ್ತೆ ಅದೇ ಕಪ್ಪು ಗಾಜು. ಮೊನ್ನೆ ಹೋದಾಗ ನೋಡಿದೆ. ಆ ಸ್ವಿಚ್ಚಿನ ಮೇಲೆ ಬಿಳಿ ಟೇಪ್ ಅಂಟಿಸಿ ಅಕ್ಕ ಪೆನ್ನಿನಲ್ಲಿ ಬರೆದಿದ್ದಾಳೆ: ‘ಇದು ಪಟ. ಗುಡುಗಿದಾಗ ಮಾತ್ರ ಆರಿಸಿ.’