ಸಿಎ ಸಹಿ ಸರಿಯಿದ್ದರೆ ಸಾಲದು, ಹೆಸರೂ ಹೊಂದಬೇಕು

ನೂರಾರು ಮೈಕ್ರೋಸರ್ವಿಸ್‌ಗಳಿರುವ (ಒಂದರೊಡನೊಂದು ಮಾತಾಡುವ ಸಣ್ಣ ತಂತ್ರಾಂಶ ಸೇವೆಗಳಿರುವ) ಸಂಸ್ಥೆಗೆ ಭದ್ರತಾ ಪರಿಶೀಲನೆಗೆಂದು ಹೋದಾಗ ಮೊದಲು ಕಿವಿಗೆ ಬೀಳುವ ಮಾತು ‘ನಮ್ಮಲ್ಲಿ ಎಲ್ಲೆಡೆ ಟಿಎಲ್‌ಎಸ್ ಇದೆ’ ಎಂಬುದು. ಟಿಎಲ್‌ಎಸ್ ಎಂದರೆ ಸಂಪರ್ಕವನ್ನು ಗೂಢಲಿಪಿಯಲ್ಲಿ ನಡೆಸುವ ವಿಧಾನ; ದಾರಿಯಲ್ಲಿ ಯಾರೂ ಮಾಹಿತಿಯನ್ನು ಓದಲಾರರು ಎಂಬುದಷ್ಟೇ ಇದರಿಂದ ತಿಳಿಯುತ್ತದೆ. ಅತ್ತ ತುದಿಯಲ್ಲಿ ಕುಳಿತು ಓದುತ್ತಿರುವವರು ಯಾರು ಎಂಬುದು ಬೇರೆಯೇ ಪ್ರಶ್ನೆ.

ತಾನು ಯಾರೆಂದು ಹೇಳಲು ಸರ್ವರ್ ತೋರಿಸುವ ಸರ್ಟಿಫಿಕೇಟ್ ಬಹಿರಂಗ ದಾಖಲೆಯಾದ್ದರಿಂದ ಅದನ್ನು ಯಾರು ಬೇಕಾದರೂ ನಕಲು ಮಾಡಿ ತೋರಿಸಬಹುದು. ಹೀಗಾಗಿ 2018ರಲ್ಲಿ ಪ್ರಕಟವಾದ ಟಿಎಲ್‌ಎಸ್ 1.3ರಲ್ಲಿ, ಸರ್ಟಿಫಿಕೇಟ್ ಒಪ್ಪಿಸಿದ ಸರ್ವರ್ ಅದುವರೆಗಿನ ಹ್ಯಾಂಡ್‌ಶೇಕ್ (ಸಂಪರ್ಕದ ಆರಂಭದ ಮಾತುಕತೆಯ) ಸಂದೇಶಗಳ ಹ್ಯಾಶ್ (ಚಿಕ್ಕ ಬೆರಳಚ್ಚು) ಮೇಲೆ ತನ್ನ ಖಾಸಗಿ ಕೀಲಿಯಿಂದ ಸಹಿಯನ್ನೂ ಹಾಕಬೇಕು. ಆ ಸಂದೇಶಗಳು ಪ್ರತಿ ಸಂಪರ್ಕಕ್ಕೂ ಬದಲಾಗುವುದರಿಂದ ಹಳೆಯ ಸಹಿ ಮತ್ತೆ ಉಪಯೋಗಕ್ಕೆ ಬಾರದು. ಸರ್ಟಿಫಿಕೇಟಿನ ಸರಪಳಿ ತಾನು ನಂಬುವ ಸಿಎವರೆಗೆ (ಸರ್ಟಿಫಿಕೇಟುಗಳಿಗೆ ಸಹಿ ಹಾಕಿ ಕೊಡುವ ಪ್ರಾಧಿಕಾರದವರೆಗೆ) ಮುಟ್ಟುತ್ತದೆಯೇ ಎಂಬುದನ್ನೂ ಕ್ಲೈಂಟ್ ನೋಡುತ್ತದೆ.

ತೊಡಕಿರುವುದು ಇದರ ನಂತರ. ಸಂಸ್ಥೆಯ ಆಂತರಿಕ ಸಿಎ ಒಂದೇ ಆಗಿದ್ದರೆ ಪಾವತಿ ಸೇವೆಗೂ ಲಾಗ್ ಸಂಗ್ರಹಿಸುವ ಸಣ್ಣ ಸೇವೆಗೂ ಸರ್ಟಿಫಿಕೇಟ್ ಕೊಡುವುದು ಅದೇ. ಆದ್ದರಿಂದ ಸರ್ಟಿಫಿಕೇಟಿನ ‘ಸ್ಯಾನ್’ (ಸಬ್ಜೆಕ್ಟ್ ಆಲ್ಟರ್ನೇಟಿವ್ ನೇಮ್) ಭಾಗದಲ್ಲಿರುವ ಹೆಸರನ್ನು ಕ್ಲೈಂಟ್ ತಾನು ಬಯಸಿದ ಹೆಸರಿನೊಂದಿಗೆ ತಾಳೆ ನೋಡದಿದ್ದರೆ, ಲಾಗ್ ಸೇವೆಯನ್ನು ವಶಪಡಿಸಿಕೊಂಡವನು ಪಾವತಿ ಸೇವೆಯ ವೇಷ ತೊಡಬಹುದು.

ಈ ತಾಳೆ ಕೈಬಿಟ್ಟುಹೋಗುವುದು ಹೆಚ್ಚಾಗಿ ಗಡಿಬಿಡಿಯಲ್ಲಿ. ಗೋ ಭಾಷೆಯ ಕ್ಲೈಂಟ್ 10.0.3.7ರಂಥ ಐಪಿಗೆ ನೇರವಾಗಿ ಸಂಪರ್ಕಿಸಿದಾಗ, ಸರ್ಟಿಫಿಕೇಟಿನಲ್ಲಿ ಐಪಿ ಸ್ಯಾನ್ ಇಲ್ಲವೆಂಬ ದೋಷ ಬರುತ್ತದೆ. ರಿಲೀಸ್ ತಲೆಯ ಮೇಲಿದ್ದರೆ ಯಾರೋ ‘ಇನ್‌ಸೆಕ್ಯೂರ್‌ಸ್ಕಿಪ್‌ವೆರಿಫೈ’ ಎಂಬ ಸೆಟ್ಟಿಂಗನ್ನು ಟ್ರೂ ಮಾಡಿಬಿಡುತ್ತಾರೆ. (ಹೆಸರಿನಲ್ಲೇ ‘ಇನ್‌ಸೆಕ್ಯೂರ್’ ಎಂದಿದ್ದರೂ ಕೋಡ್ ರಿವ್ಯೂನಲ್ಲಿ ಅದು ದಾಟಿಬಿಡುವುದು ನನಗಿನ್ನೂ ಸೋಜಿಗ.) ಅದು ಹೆಸರಿನ ತಾಳೆಯ ಜೊತೆಗೆ ಸಿಎ ಸರಪಳಿಯ ಪರಿಶೀಲನೆಯನ್ನೂ ನಿಲ್ಲಿಸುತ್ತದೆ. ವಾಸ್ತವದಲ್ಲಿ ಬೇಕಿದ್ದದ್ದು ಒಂದೇ ಸಾಲು: ‘ಸರ್ವರ್‌ನೇಮ್’ ಕ್ಷೇತ್ರದಲ್ಲಿ ನಿರೀಕ್ಷಿತ ಹೆಸರನ್ನು ಬರೆಯುವುದು.

ಸೇವೆಗಳನ್ನು ಓಡಿಸಿ ನಿರ್ವಹಿಸುವ ಕುಬರ್ನೆಟೀಸ್‌ನಲ್ಲಿ ಪಾಡ್ (ಸೇವೆ ಓಡುವ ಘಟಕ) ಹುಟ್ಟಿದಂತೆಲ್ಲ ಐಪಿ ಬದಲಾಗುವುದರಿಂದ ವಿಳಾಸವನ್ನೇ ಗುರುತು ಎಂದುಕೊಳ್ಳಲಾಗದು. ಇದಕ್ಕೆಂದೇ ಇರುವ ಸ್ಪಿಫಿ ಮಾನದಂಡದಲ್ಲಿ ಸೇವೆಯ ಗುರುತನ್ನು ಸ್ಯಾನ್‌ನಲ್ಲಿ ಯುಆರ್‌ಐ (ವೆಬ್ ವಿಳಾಸದಂಥ ಹೆಸರು) ರೂಪದಲ್ಲಿ ಬರೆಯುತ್ತಾರೆ. ಆದರೆ ಇಲ್ಲಿಯೂ ಕ್ಲೈಂಟಿಗೆ ನಿರೀಕ್ಷಿತ ಗುರುತನ್ನು ಹೇಳಲೇಬೇಕು. ಅದರ ಗೋ ಲೈಬ್ರರಿಯಲ್ಲಿ ‘ಆಥರೈಸ್‌ಎನಿ’ ಎಂದು ಬರೆದರೆ ಮಾನ್ಯವಾದ ಯಾವ ಗುರುತಾದರೂ ಒಳಗೆ ಬರುತ್ತದೆ.

ಆದ್ದರಿಂದ ನಾನು ಕಾನ್ಫಿಗರೇಷನ್ ಫೈಲು ಓದಿ ಸುಮ್ಮನಾಗುವುದಿಲ್ಲ. ಅದೇ ಸಿಎಯಿಂದ ಬೇರೆ ಹೆಸರಿನ ಸರ್ಟಿಫಿಕೇಟ್ ಪಡೆದು ಟೆಸ್ಟ್ ಪರಿಸರದಲ್ಲಿ ಒಂದು ಸರ್ವರ್ ಎಬ್ಬಿಸಿ, ಕ್ಲೈಂಟನ್ನು ಅದರತ್ತ ತಿರುಗಿಸುತ್ತೇನೆ. ಸಂಪರ್ಕ ಕಡಿಯದಿದ್ದರೆ ಆ ಸೇವೆ ಪರಿಶೀಲನೆಯಲ್ಲಿ ಅನುತ್ತೀರ್ಣ.